ನಿರ್ಲಿಪ್ತ ನಾಯಕನಿಂದ ಲೋಕ ಬದಲಾಗುವುದು ಹೇಗೆ: ಇಸೆಕೈ ಕಥೆ ಬರೆಯುವವರಿಗೊಂದು ಮಾರ್ಗದರ್ಶಿ

ನಮ್ಮ ಲೋಕದವನೊಬ್ಬ ಬೇರೊಂದು ಲೋಕ ಸೇರುವ ಇಸೆಕೈ ಬಗೆಯ ಕಥೆಯನ್ನು ಕನ್ನಡದಲ್ಲಿ ಬರೆಯಲು ಹೊರಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ನನ್ನ ನಾಯಕನಿಗೆ ಹೊಸ ಲೋಕದ ಬಗ್ಗೆ ವಿಶೇಷ ಆಸಕ್ತಿಯಿಲ್ಲ, ಅಲ್ಲಿನ ಜನರನ್ನು ಉದ್ಧರಿಸುವ ಹಂಬಲವೂ ಇಲ್ಲ. ಹಾಗಿದ್ದ ಮೇಲೆ ಅವನಿಂದ ಆ ಲೋಕ ಬದಲಾಗುವುದಾದರೂ ಹೇಗೆ? ತಾನಾಗಿ ಬದಲಾಯಿತು ಎಂದರೆ ಓದುಗರು ನಂಬುವುದಿಲ್ಲ, ಅವನೇ ಪಟ್ಟು ಹಿಡಿದು ಬದಲಾಯಿಸಿದ ಎಂದರೆ ಅವನು ನಿರ್ಲಿಪ್ತನಾಗಿ ಉಳಿಯುವುದಿಲ್ಲ. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಇಂಥ ಕಥೆಗಳಲ್ಲಿ ಲೋಕವನ್ನು ನಿಜವಾಗಿ ಬದಲಾಯಿಸುವವರು ನಾಯಕನ ಮಾತಿಗೂ ಮೌನಕ್ಕೂ ತಮಗೆ ತೋಚಿದ ಅರ್ಥ ಹಚ್ಚಿ, ಆ ಅರ್ಥದ ಮೇಲೆ ಕೆಲಸಕ್ಕಿಳಿಯುವ ಸುತ್ತಲಿನ ಜನ. ನಾಯಕನ ಮೇಲೆ ಪುಟಗಟ್ಟಲೆ ಶ್ರಮ ಸುರಿದು, ಈ ಜನರನ್ನು ಬರೀ ಬೆರಗಾಗುವ ಗುಂಪಾಗಿ ಬಿಟ್ಟ ಕಥೆ ನಾಲ್ಕನೆಯ ಕಂತಿಗೇ ಸೊರಗುತ್ತದೆ.

ಆರಂಭಿಸುವ ಮೊದಲು

ಇಸೆಕೈ ಎಂದರೆ ಜಪಾನೀ ಭಾಷೆಯಲ್ಲಿ ಬೇರೊಂದು ಲೋಕ. ನಮ್ಮ ಲೋಕದವನೊಬ್ಬ ಸತ್ತು ಅಲ್ಲಿ ಮರುಹುಟ್ಟು ಪಡೆದರೆ ಅದು ತೆನ್ಸೇಯ್. ಸಾಯದೆ, ಇದ್ದ ಹಾಗೆಯೇ ಅಲ್ಲಿಗೆ ಹೋಗಿ ಬಿದ್ದರೆ ಅದು ತೆನ್‌ಇ. ಹೋದವನಿಗೆ ಅಲ್ಲಿಯವರಿಗಿಲ್ಲದ ಶಕ್ತಿಯೋ ತಿಳಿವಳಿಕೆಯೋ ದಕ್ಕಿದ್ದರೆ ಅದನ್ನು ಚೀಟ್ ಎನ್ನುತ್ತಾರೆ. ಇದು ವಿಡಿಯೋ ಗೇಮ್ ಆಡುವವರ ನಡುವಿನಿಂದ ಬಂದ ಮಾತು. ಈ ಕಥೆಗಳಲ್ಲಿ ಬಹಳಷ್ಟು ಮೊದಲು ಅಂತರಜಾಲದಲ್ಲಿ ಕಂತುಗಳಾಗಿ ಪ್ರಕಟವಾಗಿ, ಓದುಗರಿಗೆ ಹಿಡಿಸಿದ ಮೇಲೆ ಲೈಟ್ ನಾವೆಲ್ ಎಂಬ, ನಡುನಡುವೆ ಚಿತ್ರಗಳಿರುವ ಚಿಕ್ಕ ಆಕಾರದ ಪುಸ್ತಕಗಳಾಗಿ, ಆ ನಂತರ ಮಾಂಗಾ ಎಂಬ ಚಿತ್ರಕಥೆಗಳಾಗಿ, ಅನಿಮೆ ಎಂಬ ಅನಿಮೇಷನ್ ಸರಣಿಗಳಾಗಿ ಬೆಳೆದಿವೆ. 2004ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನರೋ’ ಜಾಲತಾಣ ಇವುಗಳ ಮುಖ್ಯ ನೆಲೆ. ಅಲ್ಲಿ ಇಸೆಕೈ ಕಥೆಗಳು ಎಷ್ಟು ತುಂಬಿಕೊಂಡವೆಂದರೆ, 2016ರಲ್ಲಿ ಅವುಗಳ ಜನಪ್ರಿಯತೆಯ ಪಟ್ಟಿಯನ್ನೇ ಉಳಿದವುಗಳಿಂದ ಬೇರ್ಪಡಿಸಬೇಕಾಯಿತು.

ಪರಲೋಕಕ್ಕೋ ಪರಕಾಲಕ್ಕೋ ಹೋದವನು ಅದನ್ನು ಬದಲಾಯಿಸುವ ಕಥೆ ಜಪಾನಿನಲ್ಲೇ ಮೊದಲಾದದ್ದೇನೂ ಅಲ್ಲ. ಮಾರ್ಕ್ ಟ್ವೇನ್ 1889ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಹ್ಯಾಂಕ್ ಮಾರ್ಗನ್ ಎಂಬ ಅಮೆರಿಕದ ಕಾರ್ಖಾನೆಯ ಮೇಲ್ವಿಚಾರಕ ಆರ್ಥರ್ ರಾಜನ ಕಾಲಕ್ಕೆ ಹೋಗಿ ಶಾಲೆ, ಪತ್ರಿಕೆ, ದೂರವಾಣಿಗಳನ್ನು ತರುತ್ತಾನೆ. ಆದರೆ ಹ್ಯಾಂಕನಿಗೆ ಸುಧಾರಣೆಯ ಹುಚ್ಚಿತ್ತು, ಕೈಯಲ್ಲೊಂದು ಯೋಜನೆಯೂ ಇತ್ತು. ನಮ್ಮ ನಾಯಕನಿಗೆ ಎರಡೂ ಇರಕೂಡದು, ಕಷ್ಟವಿರುವುದೂ ಅಲ್ಲಿಯೇ.

ಬರೆಯಲು ಕೂರುವಾಗ ಎರಡು ಸಿದ್ಧತೆ ಬೇಕು. ಈ ಬಗೆಯ ಒಂದೆರಡು ಕೃತಿಗಳನ್ನಾದರೂ ಬರೆಯುವವರ ಕಣ್ಣಿನಿಂದ, ಅಂದರೆ ಯಾವ ಘಟನೆಯಿಂದ ಯಾವುದು ಹುಟ್ಟಿತು ಎಂದು ಗುರುತು ಹಾಕಿಕೊಳ್ಳುತ್ತ, ಓದಿರಬೇಕು. ನಿಮ್ಮ ಕಲ್ಪನೆಯ ಲೋಕದಲ್ಲಿ ತೆರಿಗೆ ಯಾರು ಎತ್ತುತ್ತಾರೆ, ನ್ಯಾಯ ಯಾರು ಹೇಳುತ್ತಾರೆ, ಅಕ್ಷರ ಯಾರ ಬಳಿ ಇದೆ ಎಂಬುದರ ಪಟ್ಟಿಯೊಂದು ಕೈಯಲ್ಲಿರಬೇಕು. ವಿವರಣೆಗೆ ಅನುಕೂಲವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ಜೊತೆಯಲ್ಲಿ ನಡೆಸಿಕೊಂಡು ಹೋಗುತ್ತೇನೆ. ಲೆಕ್ಕಪತ್ರ ವಿಭಾಗದಲ್ಲಿ ದುಡಿದು ದಣಿದ ಗುಮಾಸ್ತನೊಬ್ಬ ಬೇರೆ ಲೋಕದ ಸುಂಕದ ಕಟ್ಟೆಯ ಪಕ್ಕದ ಛತ್ರದಲ್ಲಿ ಕಣ್ಣು ಬಿಡುತ್ತಾನೆ. ಅವನಿಗೆ ಮಂತ್ರವಿಲ್ಲ, ಕತ್ತಿಯಿಲ್ಲ. ಜಮಾ–ಖರ್ಚು ಬರೆಯಲು ಬರುತ್ತದೆ, ಅಷ್ಟೆ.

ಹಂತ 1: ನಿರ್ಲಿಪ್ತತೆಗೆ ಕಾರಣ ಗೊತ್ತುಮಾಡಿಕೊಳ್ಳಿ

ನಾಯಕ ತಣ್ಣಗಿನ ಸ್ವಭಾವದವನು ಎಂದು ಬರೆದರೆ ಸಾಲದು. ಅವನೇಕೆ ತಣ್ಣಗಿದ್ದಾನೆ ಎಂಬುದರ ಮೇಲೆಯೇ ಅವನಿಂದ ಲೋಕ ಯಾವ ಕಡೆಗೆ ವಾಲುತ್ತದೆ ಎಂಬುದು ನಿಂತಿದೆ.

ಕುಗಾನೆ ಮಾರುಯಾಮಾ ಅವರ ‘ಓವರ್‌ಲಾರ್ಡ್’ 2010ರಲ್ಲಿ ಜಾಲದಲ್ಲಿ ಆರಂಭವಾಗಿ 2012ರಿಂದ ಪುಸ್ತಕರೂಪದಲ್ಲಿ ಬಂದ ಕೃತಿ. ಅದರ ನಾಯಕ ಸುಜುಕಿ ಸತೊರು ಒಬ್ಬ ಸಾಮಾನ್ಯ ನೌಕರ. ತಾನು ವರ್ಷಗಟ್ಟಲೆ ಆಡಿದ ಆನ್‌ಲೈನ್ ಆಟ ಮುಚ್ಚುವ ರಾತ್ರಿ ಕೊನೆಯ ಗಳಿಗೆಯವರೆಗೂ ಒಳಗೇ ಉಳಿದ ಅವನು, ಆಟದಲ್ಲಿ ತನ್ನ ಪಾತ್ರವಾಗಿದ್ದ ಅಸ್ಥಿಪಂಜರದ ಮಾಂತ್ರಿಕನ ದೇಹದಲ್ಲೇ ಬೇರೆ ಲೋಕ ಸೇರುತ್ತಾನೆ. ಜೀವವಿಲ್ಲದ ಆ ದೇಹದಲ್ಲಿ ಸಿಟ್ಟಾಗಲಿ ಸಂತೋಷವಾಗಲಿ ಒಂದು ಮಿತಿ ಮೀರಿ ಉಕ್ಕಿದೊಡನೆ ತಾನಾಗಿಯೇ ತಗ್ಗಿಬಿಡುತ್ತದೆ. ಮನುಷ್ಯರು ಸಾಯುವುದನ್ನು ಕಂಡರೂ ಅವರು ತನ್ನವರು ಅನ್ನಿಸುವುದಿಲ್ಲ. ಇಲ್ಲಿ ನಿರ್ಲಿಪ್ತತೆ ದೇಹದಿಂದ ಬಂದದ್ದು. ಕಾರ್ಲೊ ಝೆನ್ ಅವರ ‘ಯೋಜೊ ಸೆಂಕಿ’, ಅಂದರೆ ಅನಿಮೆ ನೋಡುವವರು ‘ಸಾಗಾ ಆಫ್ ತಾನ್ಯಾ ದಿ ಈವಿಲ್’ ಎಂದು ಬಲ್ಲ ಕೃತಿಯಲ್ಲಿ, ಕಂಪನಿಯೊಂದರ ಸಿಬ್ಬಂದಿ ವಿಭಾಗದ ಅಧಿಕಾರಿಯನ್ನು ಅವನಿಂದ ಕೆಲಸ ಕಳೆದುಕೊಂಡವನೊಬ್ಬ ರೈಲಿನ ಹಳಿಗೆ ತಳ್ಳುತ್ತಾನೆ. ಮೊದಲ ಮಹಾಯುದ್ಧದ ಕಾಲದ ಯುರೋಪನ್ನು ಹೋಲುವ ಲೋಕದಲ್ಲಿ ಆತ ತಾನ್ಯಾ ಎಂಬ ಅನಾಥ ಹೆಣ್ಣುಮಗುವಾಗಿ ಹುಟ್ಟುತ್ತಾನೆ. ಮನುಷ್ಯರನ್ನು ಖರ್ಚು ಮತ್ತು ಹುಟ್ಟುವಳಿಯ ಲೆಕ್ಕದಲ್ಲಿ ಮಾತ್ರ ನೋಡುವ ಆ ತಣ್ಣನೆಯ ಬುದ್ಧಿ ಸಿದ್ಧಾಂತದಿಂದ ಬಂದದ್ದು. ಡೈಸುಕೆ ಐಜಾವಾ 2018ರಲ್ಲಿ ಆರಂಭಿಸಿದ ‘ದಿ ಎಮಿನೆನ್ಸ್ ಇನ್ ಶ್ಯಾಡೋ’ದ ಸಿಡ್‌ಗೆ ಕತ್ತಲಲ್ಲಿ ನಿಂತು ಎಲ್ಲವನ್ನೂ ಆಡಿಸುವ ನಿಗೂಢ ಪುರುಷನ ವೇಷ ಹಾಕುವುದೊಂದೇ ಆಸೆ, ಉಳಿದ ಲೋಕವೆಲ್ಲ ಅವನಿಗೆ ರಂಗಸಜ್ಜಿಕೆ.

ಮೂವರೂ ನಿರ್ಲಿಪ್ತರೇ. ಆದರೆ ಒಬ್ಬನನ್ನು ತೆಗೆದು ಇನ್ನೊಬ್ಬನ ಕಥೆಯಲ್ಲಿಟ್ಟರೆ ಎರಡೂ ಕಥೆ ಮುರಿದುಬೀಳುತ್ತವೆ. ನಮ್ಮ ಗುಮಾಸ್ತನದು ದಣಿವಿನಿಂದ ಬಂದ ನಿರ್ಲಿಪ್ತತೆ: ಯಾರ ಗೋಜೂ ಬೇಡ ಎನ್ನುವಷ್ಟು ಅವನು ಬಳಲಿದ್ದಾನೆ.

ಎಚ್ಚರಿಕೆ: ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಕಡೆ ಜಾರುತ್ತಾರೆ. ನಮ್ಮಲ್ಲಿ ನಿರ್ಲಿಪ್ತನೆಂದ ಕೂಡಲೇ ಗೀತೆಯ ಸ್ಥಿತಪ್ರಜ್ಞನೋ ದಾಸರ ಪದಗಳ ವಿರಾಗಿಯೋ ಕಣ್ಣಮುಂದೆ ಬಂದು, ನಾಯಕನಿಗೆ ಅರಿವಿಲ್ಲದೆಯೇ ಒಂದು ಸಾತ್ವಿಕ ಕಳೆ ಅಂಟಿಕೊಳ್ಳುತ್ತದೆ. ಇಸೆಕೈಯ ನಿರ್ಲಿಪ್ತನು ಸಾಧನೆಯಿಂದ ಆಸೆಯನ್ನು ಗೆದ್ದವನಲ್ಲ. ಅವನ ಆಸೆ ಬೇರೆಲ್ಲೋ ನೆಟ್ಟಿದೆ, ಅಥವಾ ಬತ್ತಿದೆ. ಆ ಕಳೆ ಅಂಟಿತೆಂದರೆ ಅವನು ಮಾಡಿದ್ದೆಲ್ಲ ಸರಿ ಎಂಬ ಧ್ವನಿ ಕಥೆಯೊಳಗೆ ನುಸುಳಿ, ಮುಂದೆ ಆರನೆಯ ಹಂತದಲ್ಲಿ ಹೇಳಲಿರುವ ಲೆಕ್ಕವನ್ನು ನೀವು ಇಡಲಾರದಂತಾಗುತ್ತದೆ.

ಹಂತ 2: ಅವನಿಗೆ ಸಣ್ಣದೊಂದು ಬೇಕು ಇರಲಿ

ಏನೂ ಬೇಡದವನು ಕೂತಲ್ಲೇ ಕೂತಿರುತ್ತಾನೆ, ಕಥೆಯೂ ಅವನ ಪಕ್ಕದಲ್ಲೇ ಕೂತುಬಿಡುತ್ತದೆ. ಆದ್ದರಿಂದ ನಿರ್ಲಿಪ್ತನಿಗೂ ಒಂದು ಬೇಕು ಇರಲೇಬೇಕು. ಅದು ಲೋಕದ ಗಾತ್ರಕ್ಕೆ ಹೋಲಿಸಿದರೆ ನಗು ಬರುವಷ್ಟು ಚಿಕ್ಕದಿರಬೇಕು. ತಾನ್ಯಾಗೆ ಬೇಕಾದದ್ದು ಯುದ್ಧಭೂಮಿಯಿಂದ ದೂರದಲ್ಲೊಂದು ಸುರಕ್ಷಿತ ಹುದ್ದೆ. ಸತೊರುವಿಗೆ ಬೇಕಾದದ್ದು ಹಳೆಯ ಗೆಳೆಯರಲ್ಲಿ ಯಾರಾದರೂ ಈ ಲೋಕಕ್ಕೆ ಬಂದಿದ್ದಾರೆಯೇ ಎಂಬ ಸುಳಿವು. ಅದಕ್ಕೆಂದೇ ಅವನು ತಮ್ಮ ತಂಡದ ಹೆಸರಾದ ‘ಐನ್ಸ್ ಊಲ್ ಗೌನ್’ ಅನ್ನು ತನ್ನ ಹೆಸರಾಗಿ ಇಟ್ಟುಕೊಂಡು, ಅದು ಎಲ್ಲರ ಕಿವಿಗೂ ಬೀಳಲೆಂದು ಬಯಸುತ್ತಾನೆ. ಮುಂದೆ ಒಂದು ಸಾಮ್ರಾಜ್ಯವೇ ಕಟ್ಟಿಕೊಳ್ಳುವುದರ ಹಿಂದೆ ಇರುವುದು ಗೆಳೆಯರನ್ನು ಕಳೆದುಕೊಂಡ ಒಬ್ಬ ಒಂಟಿ ಆಟಗಾರ. ಈ ಪ್ರಮಾಣದ ವ್ಯತ್ಯಾಸವೇ ಓದುಗರನ್ನು ಹಿಡಿದು ಕೂರಿಸುತ್ತದೆ.

ಮಿಯಾ ಕಜುಕಿ ಅವರ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ನ ಮೈನ್‌ಳನ್ನು ನಾನು ಈ ಸಾಲಿನ ಅಂಚಿನಲ್ಲಿ ಇಡುತ್ತೇನೆ, ಏಕೆಂದರೆ ಹೊಸ ಲೋಕದ ತಂದೆ ತಾಯಿ ಅಕ್ಕನ ಮೇಲೆ ಅವಳಿಗೆ ಆಳವಾದ ಪ್ರೀತಿ ಬೆಳೆಯುತ್ತದೆ. ಆದರೂ ಆರಂಭದಲ್ಲಿ ಆ ಲೋಕವೆಂದರೆ ಅವಳಿಗೆ ಪುಸ್ತಕ ಸಿಗದ ಒಂದು ಜಾಗ ಮಾತ್ರ. ದೇವಾಲಯದ ಅನಾಥಾಲಯದಲ್ಲಿ ಮಕ್ಕಳು ಹಸಿವಿನಿಂದ ಸೊರಗಿರುವುದು ಕಣ್ಣಿಗೆ ಬಿದ್ದಾಗ ಅವಳಿಗೆ ಮೊದಲು ತೋರುವುದು ಅದರಿಂದ ದೂರ ಸರಿಯುವ ಮನಸ್ಸು. ಕಂಡದ್ದನ್ನು ಮರೆತು ನೆಮ್ಮದಿಯಾಗಿ ಓದಲು ಆಗದೆ ಹೋದಾಗ ಅವಳು ಆ ಅನಾಥಾಲಯದ ಹೊಣೆ ಹೊತ್ತು, ಮಕ್ಕಳ ಕೈಗೆ ಕಾಗದ ಮಾಡುವ ಕೆಲಸ ಕೊಟ್ಟು, ಅವರ ಹೊಟ್ಟೆಗೆ ದಾರಿ ಮಾಡುತ್ತಾಳೆ. ಬೇಕು ಚಿಕ್ಕದಾಗಿದ್ದರೂ ಅದರ ದಾರಿಯಲ್ಲಿ ಇನ್ನೊಬ್ಬರ ಬದುಕು ಅಡ್ಡ ಬಂದೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನಿಮ್ಮ ನಾಯಕನ ಬೇಕನ್ನು ಒಂದೇ ವಾಕ್ಯದಲ್ಲಿ, ಈಡೇರಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವಂತೆ ಬರೆದುಕೊಳ್ಳಿ. ‘ಶಾಂತಿಯಿಂದ ಬದುಕಬೇಕು’ ಎಂಬುದು ಕೆಲಸಕ್ಕೆ ಬಾರದು. ‘ರಾತ್ರಿ ನಿದ್ದೆ ಮಾಡಬೇಕು’ ಎಂಬುದು ಕೆಲಸಕ್ಕೆ ಬರುತ್ತದೆ. ನಮ್ಮ ಗುಮಾಸ್ತನಿಗೆ ಬೇಕಾದದ್ದು ಅದೇ: ಗಾಡಿಗಳು ಬರುವ ರಾತ್ರಿ ಹೊತ್ತಿನಲ್ಲಿ ಕಟ್ಟೆಯ ಮುಂದೆ ತೂಕದ ವಿಷಯಕ್ಕೆ ನಡೆಯುವ ಜಗಳ ನಿಲ್ಲಬೇಕು, ಅವನಿಗೆ ನಿದ್ದೆ ಹತ್ತಬೇಕು.

ಹಂತ 3: ಲೋಕ ಮೊದಲೇ ಬಿರುಕು ಬಿಟ್ಟಿರಲಿ

ಈ ಹಂತವನ್ನು ಹಾರಿಸಿ ಮುಂದಕ್ಕೆ ಹೋಗುವವರೇ ಹೆಚ್ಚು. ಗಟ್ಟಿಯಾಗಿರುವ ಲೋಕವನ್ನು ಆಸಕ್ತಿಯಿಲ್ಲದವನ ಒಂದು ಮಾತು ಅಲ್ಲಾಡಿಸಲಾರದು. ‘ಓವರ್‌ಲಾರ್ಡ್’ನ ರೀ–ಎಸ್ಟಿಜ್ ರಾಜ್ಯ ನಾಯಕ ಬರುವ ಮೊದಲೇ ಶ್ರೀಮಂತರ ಬಣಗಳ ಕಿತ್ತಾಟದಿಂದ ಒಳಗೊಳಗೇ ಕೊಳೆತಿದೆ, ನೆರೆಯ ಸಾಮ್ರಾಜ್ಯ ಪ್ರತಿವರ್ಷ ಸುಗ್ಗಿಯ ಹೊತ್ತಿಗೇ ದಂಡೆತ್ತಿ ಬಂದು, ಹೊಲದಲ್ಲಿರಬೇಕಾದ ರೈತರನ್ನು ರಣರಂಗಕ್ಕೆ ಎಳೆಸಿ, ಅದನ್ನು ಇನ್ನಷ್ಟು ಬಡವಾಗಿಸುತ್ತಿದೆ. ತಾನ್ಯಾ ಹುಟ್ಟಿದ ಸಾಮ್ರಾಜ್ಯವಂತೂ ಸುತ್ತಲೂ ಶತ್ರುಗಳನ್ನಿಟ್ಟುಕೊಂಡು, ಎಲ್ಲ ಗಡಿಗಳಲ್ಲೂ ಒಮ್ಮೆಗೇ ಯುದ್ಧ ಬಂದರೆ ಏನು ಗತಿ ಎಂಬ ಚಿಂತೆಯಲ್ಲಿದೆ. ಮೈನ್‌ಳ ಊರಿನಲ್ಲಿ ಪುಸ್ತಕ ಬರೆಯಲು ಇರುವುದು ಚರ್ಮದ ಹಾಳೆ ಮಾತ್ರ, ಅದು ಬಡವರ ಕೈಗೆ ಎಟುಕುವಂಥದ್ದಲ್ಲ.

ನಿಮ್ಮ ಲೋಕದ ಬಿರುಕನ್ನು ಗುರುತಿಸಲು ಮೂರು ಪ್ರಶ್ನೆ ಸಾಕು: ಈಗಿರುವ ವ್ಯವಸ್ಥೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ, ನಷ್ಟವಾಗುತ್ತಿದೆ ಎಂದು ಗೊತ್ತಿದ್ದೂ ಬಾಯಿ ಬಿಡಲಾಗದವರು ಯಾರು. ಸುಂಕದ ಕಟ್ಟೆಯಲ್ಲಿ ಮೂವರು ಪಾಳೆಯಗಾರರ ಮೂರು ಬಗೆಯ ತೂಕದ ಕಲ್ಲುಗಳಿವೆ ಎಂದುಕೊಳ್ಳಿ. ಯಾವ ಗಾಡಿಗೆ ಯಾವ ಕಲ್ಲು ಎಂಬುದನ್ನು ತೀರ್ಮಾನಿಸುವವನು ಹಳೆಯ ತೂಕದಾಳು. ಅವನ ಕೈ ಬೆಚ್ಚಗೆ ಮಾಡಿದವರಿಗೆ ಹಗುರವಾಗುವ ಕಲ್ಲು, ಮಾಡದವರಿಗೆ ಭಾರವಾಗುವ ಕಲ್ಲು. ಈ ವಂಚನೆ ಎಲ್ಲರಿಗೂ ಗೊತ್ತು, ಆದರೆ ಯಾರ ಬಳಿಯೂ ಬರಹದಲ್ಲಿಲ್ಲ.

ಹಂತ 4: ಅರ್ಥ ಹಚ್ಚುವವರನ್ನು ನಿಲ್ಲಿಸಿ

ಇಡೀ ಕೆಲಸದ ಹೃದಯ ಇದು. ಇದಕ್ಕೆ ಉಳಿದ ಹಂತಗಳೆಲ್ಲ ಸೇರಿ ಬೇಡುವಷ್ಟು ಸಮಯ ಕೊಡಿ.

‘ಓವರ್‌ಲಾರ್ಡ್’ನ ಆರಂಭದಲ್ಲೇ ಬರುವ ದೃಶ್ಯವೊಂದನ್ನು ಬಿಡಿಸಿ ನೋಡೋಣ. ಹೊಸ ಲೋಕದ ರಾತ್ರಿಯ ಆಕಾಶ ನೋಡುತ್ತ ನಾಯಕ ಮೈಮರೆತು, ಲೋಕವನ್ನೇ ಗೆಲ್ಲುವುದೂ ಮೋಜಾಗಿರಬಹುದು ಎಂಬರ್ಥದ ಮಾತನ್ನು ತಮಾಷೆಗೆಂಬಂತೆ ಆಡುತ್ತಾನೆ. ಪಕ್ಕದಲ್ಲಿದ್ದವನು ಡೆಮಿಯುರ್ಜ್. ಆಟದ ಕಾಲದಲ್ಲಿ ಅವನೊಬ್ಬ ಎನ್‌ಪಿಸಿ, ಅಂದರೆ ಆಟಗಾರರಾರೂ ನಡೆಸದ, ಗಣಕವೇ ನಡೆಸುವ ಪಾತ್ರ. ಈಗ ಅವನಿಗೆ ಜೀವ ಬಂದಿದೆ, ಜೊತೆಗೆ ಅಪಾರ ಬುದ್ಧಿಯೂ ಒಡೆಯನ ಮೇಲೆ ಅಷ್ಟೇ ಅಪಾರ ಭಕ್ತಿಯೂ ಇವೆ. ಅವನ ಪಾಲಿಗೆ ಒಡೆಯನ ಮಾತು ಗುರಿಯ ಘೋಷಣೆ. ಅದನ್ನು ಅವನು ಉಳಿದವರಿಗೆ ತಿಳಿಸುತ್ತಾನೆ, ನಜರಿಕ್ ಎಂಬ ಆ ನೆಲಮಾಳಿಗೆಯ ಕೋಟೆ ಇಡಿಯಾಗಿ ಲೋಕವಿಜಯಕ್ಕೆ ಸಜ್ಜಾಗುತ್ತದೆ, ಬಹಳ ಹೊತ್ತಿನವರೆಗೆ ಈ ವಿಷಯ ತಿಳಿಯದವನು ನಾಯಕನೊಬ್ಬನೇ. ನಂತರ ಅವನು ನಿರಾಕರಿಸುವಂತೆಯೂ ಇಲ್ಲ, ಏಕೆಂದರೆ ತನ್ನನ್ನು ಸರ್ವಜ್ಞನೆಂದು ನಂಬಿದವರ ಮುಂದೆ ಸಾಮಾನ್ಯ ನೌಕರನಾಗಿ ಬಯಲಾಗುವ ಭಯ ಅವನಿಗಿದೆ.

‘ಯೋಜೊ ಸೆಂಕಿ’ಯ ಗ್ರಂಥಾಲಯದ ದೃಶ್ಯ ಇದರ ಇನ್ನೊಂದು ಮುಖ. ಯುದ್ಧ ವಿದ್ಯಾಲಯದಲ್ಲಿ ಓದುತ್ತಿರುವ ತಾನ್ಯಾ, ಮೇಲಧಿಕಾರಿ ಜೆಟ್ಟೂರ್‌ನ ಕಣ್ಣಿಗೆ ಜಾಣೆಯಾಗಿ ಕಂಡರೆ ಹಿಂದಿನ ಸಾಲಿನಲ್ಲೊಂದು ಹುದ್ದೆ ಸಿಕ್ಕೀತೆಂದು ಎಣಿಸಿ, ಈ ಯುದ್ಧ ಮಹಾಯುದ್ಧವಾಗಿ ಹಬ್ಬುತ್ತದೆ, ಆಗ ಎಲ್ಲಿಗೆ ಬೇಕಾದರೂ ಧಾವಿಸಬಲ್ಲ ಮಾಂತ್ರಿಕರ ಪಡೆಯೊಂದು ಬೇಕಾಗುತ್ತದೆ ಎಂದು ವಿವರಿಸುತ್ತಾಳೆ. ಜೆಟ್ಟೂರ್ ಮರುಳನಲ್ಲ. ಅವನಿಗೆ ಬೇಕಾಗಿದ್ದ ಉತ್ತರ ಅಲ್ಲಿ ಸಿಕ್ಕಿತು. ಹಾಗಾಗಿ ಪಡೆಯನ್ನು ಕಟ್ಟುವ ಹೊಣೆಯನ್ನು ಹೇಳಿದವಳ ತಲೆಗೇ ಕಟ್ಟುತ್ತಾನೆ. ತಾನ್ಯಾ ತಡಮಾಡಲೆಂದು ಯಾರೂ ಮುಂದೆ ಬಾರದಂತೆ ಅತಿ ಕಠಿಣ ಷರತ್ತುಗಳ ಪ್ರಕಟಣೆ ಹೊರಡಿಸಿದರೆ, ಅದನ್ನೇ ವೀರರಿಗೆ ಬಂದ ಕರೆಯೆಂದು ಓದಿಕೊಂಡು ಅರ್ಜಿಗಳು ಬಂದು ಬೀಳುತ್ತವೆ. ಬಂದವರು ಬಿಟ್ಟು ಓಡಲೆಂದು ಕ್ರೂರವಾದ ತರಬೇತಿ ಕೊಟ್ಟರೆ, ಅದನ್ನು ತಾಳಿಕೊಂಡವರು ಸಾಮ್ರಾಜ್ಯದ ಅತ್ಯುತ್ತಮ ಪಡೆಯಾಗಿಬಿಡುತ್ತಾರೆ. ಅವಳು ತಪ್ಪಿಸಿಕೊಳ್ಳಲು ಇಟ್ಟ ಪ್ರತಿ ಹೆಜ್ಜೆಯೂ ಅವಳನ್ನು ರಣರಂಗದ ಮುಂಚೂಣಿಗೆ ತಂದು ನಿಲ್ಲಿಸುತ್ತದೆ.

ಸಿಡ್‌ನ ಕಥೆಯಲ್ಲಿ ಈ ತಂತ್ರ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ತಾನು ಗುಣಪಡಿಸಿದ, ಎಲ್ಫ್ ಎಂಬ ಮನುಷ್ಯರನ್ನು ಹೋಲುವ ಕುಲದ ಹುಡುಗಿಗೆ ಅವನು ನಿಂತ ನಿಲುವಿನಲ್ಲಿ ಒಂದು ರಹಸ್ಯ ಪಂಥದ ಕಥೆ ಕಟ್ಟಿ ಹೇಳುತ್ತಾನೆ. ಅಂಥ ಪಂಥ ನಿಜವಾಗಿಯೂ ಇರುತ್ತದೆ. ಅವಳು ಮತ್ತು ಅವಳ ಸಂಗಡಿಗರು ಅದರ ಬೆನ್ನು ಹತ್ತಿ ಬಲವಾದ ಸಂಘಟನೆಯನ್ನೂ, ಅವನು ಹರಟೆಯಲ್ಲಿ ಹೇಳಿದ ನಮ್ಮ ಲೋಕದ ಸರಕುಗಳನ್ನು ಮಾರುವ ದೊಡ್ಡ ವ್ಯಾಪಾರ ಸಂಸ್ಥೆಯನ್ನೂ ಕಟ್ಟುತ್ತಾರೆ. ಅವರು ತನ್ನ ಆಟಕ್ಕೆ ಚೆನ್ನಾಗಿ ಸಾಥ್ ಕೊಡುತ್ತಿದ್ದಾರೆ ಎಂದುಕೊಂಡು ಅವನು ಸಂತೋಷವಾಗಿರುತ್ತಾನೆ.

ಇದನ್ನು ನಿಮ್ಮ ಕಥೆಯಲ್ಲಿ ಸಾಧಿಸಲು ಪ್ರತಿಯೊಂದು ಮುಖ್ಯ ಘಟನೆಗೂ ಮೂರು ಕಾಲಂಗಳ ಹಾಳೆಯೊಂದನ್ನು ಮಾಡಿಕೊಳ್ಳಿ. ಮೊದಲನೆಯದರಲ್ಲಿ ನಾಯಕ ಮಾಡಿದ್ದು, ಎರಡನೆಯದರಲ್ಲಿ ಅದರ ನಿಜವಾದ ಕಾರಣ, ಮೂರನೆಯದರಲ್ಲಿ ಕಂಡವರೊಬ್ಬೊಬ್ಬರೂ ಅದನ್ನು ಏನೆಂದು ತಿಳಿದರು ಎಂಬುದು. ಗುಮಾಸ್ತನ ಹಾಳೆ ಹೀಗಿರಬಹುದು. ನಿದ್ದೆಗೆಟ್ಟ ಒಂದು ರಾತ್ರಿ ಅವನು ಎದ್ದು ಬಂದು, ಮೂರು ಕಲ್ಲುಗಳಲ್ಲಿ ನಡುವಿನದೊಂದನ್ನು ಹಗ್ಗ ಕಟ್ಟಿ ಕಟ್ಟೆಯ ಕಂಬಕ್ಕೆ ತೂಗುಹಾಕುತ್ತಾನೆ. ಒಲೆಯಿಂದ ಇದ್ದಿಲು ತಂದು ಸುಣ್ಣದ ಗೋಡೆಯ ಮೇಲೆ ಗಾಡಿಯವನ ಹೆಸರು, ಮೂಟೆಯ ಎಣಿಕೆ, ಕೊಟ್ಟ ಸುಂಕ ಎಂದು ಗೆರೆ ಎಳೆದು ಬರೆಯುತ್ತಾನೆ. ಯಾರೊಂದಿಗೂ ಮಾತಾಡದೆ ಹೋಗಿ ಮಲಗುತ್ತಾನೆ. ಕಾರಣ, ನಿದ್ದೆ. ಆದರೆ ಸುಂಕದ ಅಧಿಕಾರಿ ಅವನನ್ನು ವೇಷ ಮರೆಸಿ ಬಂದ ಅರಮನೆಯ ಗೂಢಚಾರನೆಂದು ತಿಳಿದು, ಬೆಳಗಾಗುವುದರೊಳಗೆ ತನ್ನ ಹಳೆಯ ಬಾಕಿ ತೀರಿಸಲು ಓಡಾಡುತ್ತಾನೆ. ಗಂಡ ಸತ್ತ ಮೇಲೆ ಒಬ್ಬಳೇ ಗಾಡಿ ಹೊಡೆಯುವ ಮೆಣಸಿನ ವ್ಯಾಪಾರಿ ಗೋಡೆಯ ಮುಂದೆ ನಿಂತು ತನ್ನ ಮೂಟೆಗಳ ಎಣಿಕೆಯನ್ನೂ ಪಕ್ಕದ ಗಾಡಿಯದನ್ನೂ ನೋಡಿ, ಇಷ್ಟು ವರ್ಷ ತನ್ನಿಂದ ಎಷ್ಟು ಹೆಚ್ಚು ಕಿತ್ತಿದ್ದಾರೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಗುಡಿಯ ಕರಣಿಕನಿಗೆ ಆ ಗೆರೆಗಳ ಜೋಡಣೆಯೇ ಹೊಸ ವಿದ್ಯೆಯಾಗಿ ಕಂಡು, ಅವನು ಅದನ್ನು ತಾಳೆಗರಿಗೆ ಇಳಿಸಿಕೊಳ್ಳುತ್ತಾನೆ.

ಎಚ್ಚರಿಕೆಗಳು ಇಲ್ಲಿ ಎರಡು. ಅರ್ಥ ಹಚ್ಚುವವರು ದಡ್ಡರಾಗಿರಬಾರದು. ತಪ್ಪು ತಿಳಿವಳಿಕೆಯನ್ನೇ ನೆಚ್ಚಿದ ಕಥೆಗಳಿಗೆ ಜಪಾನಿನಲ್ಲಿ ಕನ್‌ಚಿಗೈ ಎಂಬ ಹೆಸರೇ ಇದೆ, ಅವುಗಳಲ್ಲಿ ಜೊಳ್ಳಾದವೆಲ್ಲ ಜೊಳ್ಳಾದದ್ದು ಸುತ್ತಲಿನವರನ್ನು ಪೆದ್ದರನ್ನಾಗಿ ಮಾಡಿದ್ದರಿಂದ. ಎರಡನೆಯದಾಗಿ, ಪ್ರತಿಯೊಬ್ಬರ ತಪ್ಪು ಓದಿಗೂ ಅವರದೇ ಆದ ಹಸಿವೋ ಭಯವೋ ಕಾರಣವಾಗಿರಬೇಕು. ಅಧಿಕಾರಿ ಗೂಢಚಾರನನ್ನು ಕಂಡದ್ದು ಅವನು ಕದ್ದಿದ್ದರಿಂದ. ಎಲ್ಲರೂ ಒಂದೇ ಬಗೆಯಲ್ಲಿ ನಾಯಕನನ್ನು ಮಹಾಪುರುಷನೆಂದು ಕಂಡರೆ ನೀವು ಬರೆದದ್ದು ಲೋಕವಲ್ಲ, ಭಜನಾ ಮಂಡಳಿ.

ಹಂತ 5: ಬದಲಾವಣೆಯನ್ನು ಪದ್ಧತಿಯವರೆಗೆ ನಡೆಸಿ

ವ್ಯಕ್ತಿಗಳು ಬೆರಗಾದ ಮಾತ್ರಕ್ಕೆ ಲೋಕ ಬದಲಾಗದು. ಒಬ್ಬರ ಅಭ್ಯಾಸ ಹಲವರ ರೂಢಿಯಾಗಿ, ರೂಢಿ ಕಟ್ಟಳೆಯಾಗಬೇಕು. ಇದರಲ್ಲಿ ‘ಬುಕ್‌ವರ್ಮ್’ ಉಳಿದೆಲ್ಲವುಗಳಿಗಿಂತ ಮುಂದಿದೆ. 2015ರಿಂದ 2023ರವರೆಗೆ 33 ಸಂಪುಟಗಳಲ್ಲಿ ಹರಡಿಕೊಂಡ ಆ ಕೃತಿಯಲ್ಲಿ ಮೈನ್‌ಳ ಒಂದು ಆಸೆ ಮರದ ತೊಗಟೆಯ ನಾರಿನ ಕಾಗದವಾಗಿ, ಅದು ವ್ಯಾಪಾರಿ ಬೆನ್ನೊ ಮಾರುವ ಸರಕಾಗಿ, ಚರ್ಮದ ಹಾಳೆಯವರ ಸಂಘದ ವಿರೋಧ ಎದುರಿಸಿ, ಕೊನೆಗೆ ಮುದ್ರಣದ ಉದ್ಯಮವಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಹಣ ಹೂಡುತ್ತಾರೆ, ಯಾರೋ ಒಬ್ಬರು ಅಡ್ಡಗಾಲು ಹಾಕುತ್ತಾರೆ, ಒಪ್ಪಂದವೊಂದು ಬರೆಯಲ್ಪಡುತ್ತದೆ.

ನಿಮ್ಮ ಕಥೆ ಈ ಹಂತ ದಾಟಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ನಾಯಕ ಜ್ವರ ಬಂದು ಹತ್ತು ದಿನ ಮಲಗಿದನೆಂದುಕೊಳ್ಳಿ. ಆ ಹತ್ತು ದಿನ ಬದಲಾವಣೆ ತನ್ನಷ್ಟಕ್ಕೆ ಮುಂದುವರಿದರೆ ಸರಿ; ಎಲ್ಲವೂ ನಿಂತುಹೋದರೆ ನಾಲ್ಕನೆಯ ಹಂತಕ್ಕೆ ಮರಳಿ. ಗುಮಾಸ್ತ ಮಲಗಿದ್ದಾಗ ಮೆಣಸಿನ ವ್ಯಾಪಾರಿ ಇದ್ದಿಲು ಕೈಗೆತ್ತಿಕೊಂಡು ತಾನೇ ಗೋಡೆಯ ಮೇಲೆ ಬರೆಯಲು ನಿಲ್ಲಬೇಕು, ಕರಣಿಕನ ತಾಳೆಗರಿ ಮುಂದಿನ ಎರಡು ಕಟ್ಟೆಗಳಿಗೆ ತಲುಪಿರಬೇಕು, ಪಾಳೆಯಗಾರನೊಬ್ಬ ಆ ನಡುವಿನ ಕಲ್ಲಿಗೆ ತನ್ನ ಮುದ್ರೆ ಒತ್ತಿ ಅದು ತನ್ನದೇ ಕಲ್ಪನೆಯೆಂದು ಸಾರಿಸಿರಬೇಕು.

ಹಂತ 6: ಬೆಲೆ ತೆರುವವರ ಲೆಕ್ಕವಿಡಿ

ನಿರ್ಲಿಪ್ತ ನಾಯಕನ ಕಥೆ ಬೇರೆ ಬಗೆಯ ವೀರಗಾಥೆಗಳಿಗಿಂತ ಹೆಚ್ಚು ನಿಷ್ಠುರವಾಗುವುದು ಇಲ್ಲಿ. ‘ಓವರ್‌ಲಾರ್ಡ್’ನ ಕಾಟ್ಜೆ ಬಯಲಿನ ಯುದ್ಧದಲ್ಲಿ ನಾಯಕನ ಒಂದೇ ಮಂತ್ರಕ್ಕೆ ಶತ್ರುಸೇನೆಯ ಒಂದು ಪಕ್ಕದ ಸುಮಾರು 70,000 ಜನ ನಿಂತಲ್ಲೇ ಸಾಯುತ್ತಾರೆ. ಸತ್ತವರ ಎಣಿಕೆಗೆ ತಕ್ಕಂತೆ ದೈತ್ಯಪ್ರಾಣಿಗಳು ಹುಟ್ಟುವ ಮಂತ್ರವದು. ಐದು ಹುಟ್ಟಿದ್ದನ್ನು ಕಂಡ ನಾಯಕ ಹಿಂದೆಂದೂ ಯಾರಿಗೂ ಇಷ್ಟು ಬಂದಿರಲಿಲ್ಲವೆಂದು ಆಟದಲ್ಲಿ ದಾಖಲೆ ಮುರಿದವನಂತೆ ಹಿಗ್ಗುತ್ತಾನೆ. ಲೇಖಕರು ಅಲ್ಲಿ ಅವನನ್ನು ಬೈಯುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ಕೆಳಗೆ ತುಳಿದಾಡಿಸಿಕೊಳ್ಳುತ್ತಿರುವ ರೈತಸೈನಿಕರ ಬಳಿಗೆ ನಮ್ಮನ್ನು ಕರೆದೊಯ್ಯುತ್ತಾರೆ. ತಾನ್ಯಾಳ ಕಥೆಯಲ್ಲೂ ಹಾಗೆಯೇ: ಜನವಸತಿಯಿರುವ ನಗರದ ಮೇಲೆ ದಾಳಿ ಮಾಡಲು ಕಾನೂನಿನಲ್ಲಿ ದಾರಿ ಹೇಗೆ ಹುಡುಕಬಹುದೆಂದು ವಿದ್ಯಾರ್ಥಿಯಾಗಿ ಅವಳು ಬರೆದ ಪ್ರಬಂಧ ಮುಂದೆ ಆರೆನ್ ಎಂಬ ನಗರ ಹೊತ್ತಿ ಉರಿಯುವಾಗ ಸೇನೆಯ ಕೈಯಲ್ಲಿರುತ್ತದೆ. ಬರೆದದ್ದು ಅಂಕಗಳಿಗಾಗಿ.

ನಿಮ್ಮ ಕಥೆಯಲ್ಲಿಯೂ ಪ್ರತಿ ಬದಲಾವಣೆಗೆ ಬೆಲೆ ತೆತ್ತ ಒಬ್ಬರನ್ನಾದರೂ ಹೆಸರು, ಮುಖ, ಕಸುಬು ಕೊಟ್ಟು ನಿಲ್ಲಿಸಿ. ಹಳೆಯ ತೂಕದಾಳು ವಂಚಕ ನಿಜ, ಆದರೆ ಆ ಲಂಚದಲ್ಲೇ ಅವನ ಮನೆಯ ಏಳು ಜನ ಉಣ್ಣುತ್ತಿದ್ದರು. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಎಲ್ಲ ಕಟ್ಟೆಗಳಲ್ಲೂ ಲೆಕ್ಕ ನೆಟ್ಟಗಾದ ಮೇಲೆ ರಾಜನಿಗೆ ತನ್ನ ಬೊಕ್ಕಸಕ್ಕೆ ಎಷ್ಟು ಬರುತ್ತದೆಂದು ಮೊದಲ ಬಾರಿಗೆ ಖಚಿತವಾಗುತ್ತದೆ, ಮತ್ತು ಸೈನಿಕರಿಗೆ ಎಷ್ಟು ತಿಂಗಳು ಸಂಬಳ ಕೊಡಬಹುದೆಂದು ಲೆಕ್ಕ ಹಾಕಬಲ್ಲ ರಾಜ ಯುದ್ಧಕ್ಕೆ ಹೆದರುವುದಿಲ್ಲ. ನಿದ್ದೆಗಾಗಿ ತೂಗುಹಾಕಿದ ಕಲ್ಲು ದಂಡಯಾತ್ರೆಗೆ ಹಣ ಒದಗಿಸಿತು.

ಹೊಸಬರು ಈ ಘಟ್ಟದಲ್ಲಿ ನಾಯಕನಿಂದ ಒಂದು ಪಶ್ಚಾತ್ತಾಪದ ಭಾಷಣ ಮಾಡಿಸಿಬಿಡುತ್ತಾರೆ. ಮಾಡಿಸಬೇಡಿ. ಅಲ್ಲಿಯವರೆಗೆ ಕಟ್ಟಿದ ಸ್ವಭಾವ ಒಂದೇ ಪುಟದಲ್ಲಿ ಕುಸಿಯುತ್ತದೆ. ಭಾವ ಬೇಕೇ ಬೇಕಿದ್ದರೆ ಒಂದು ಸೀಳಿನಷ್ಟು ಬಿಡಿ: ‘ಓವರ್‌ಲಾರ್ಡ್’ನಲ್ಲಿ ಕಾರ್ನೆ ಎಂಬ ಹಳ್ಳಿಯವರನ್ನು ಕೊಲ್ಲುತ್ತಿರುವುದನ್ನು ಕಂಡೂ ನಾಯಕನ ಮನಸ್ಸು ಕದಲುವುದಿಲ್ಲ, ಪಕ್ಕದಲ್ಲಿ ನಿಂತ ಸೇವಕ ಸೆಬಾಸ್‌ನನ್ನು ಕಂಡು, ಅವನನ್ನು ರೂಪಿಸಿದ ಹಳೆಯ ಗೆಳೆಯ ತನಗೆ ಒಮ್ಮೆ ಮಾಡಿದ್ದ ಉಪಕಾರ ನೆನಪಾದದ್ದರಿಂದ ಅವನು ಹೊರಡುತ್ತಾನೆ. ಆ ಹಳ್ಳಿ ಉಳಿದದ್ದು ಹಳ್ಳಿಯವರ ಮೇಲಿನ ಕರುಣೆಯಿಂದಲ್ಲ.

ಹಂತ 7: ಕಥೆ ಯಾರ ಕಣ್ಣಿನಿಂದ ಎಂಬುದನ್ನು ಅದಲುಬದಲು ಮಾಡಿ

ಇಡೀ ಕಥೆ ನಾಯಕನ ತಲೆಯೊಳಗೇ ನಡೆದರೆ ನಾಲ್ಕು, ಐದು, ಆರನೆಯ ಹಂತಗಳಲ್ಲಿ ಮಾಡಿದ ಕೆಲಸವೆಲ್ಲ ಓದುಗರಿಗೆ ಕಾಣುವುದೇ ಇಲ್ಲ. ಅವನಿಗೆ ಆಸಕ್ತಿಯಿಲ್ಲದ್ದನ್ನು ಅವನು ಗಮನಿಸುವುದೂ ಇಲ್ಲವಲ್ಲ. ಇಡೀ ಕಥೆ ಹೊರಗಿನವರ ಕಣ್ಣಿನಿಂದಲೇ ನಡೆದರೆ ಅವನ ಬೇಕು ಎಷ್ಟು ಚಿಕ್ಕದೆಂದು ಗೊತ್ತಾಗದೆ, ಅವನು ನಿಜಕ್ಕೂ ಮಹಾಪುರುಷನೇ ಇರಬೇಕೆಂಬ ಭ್ರಮೆ ಓದುಗರಿಗೂ ಹತ್ತುತ್ತದೆ. ಆದ್ದರಿಂದ ಎರಡೂ ಬೇಕು. ಒಂದೆರಡು ಕಂತು ಅವನ ಕಣ್ಣಿನಿಂದ ಬರೆದು, ನಡುವೆ ಒಂದು ಕಂತನ್ನು ಅಧಿಕಾರಿಗೋ ಕರಣಿಕನಿಗೋ ತೂಕದಾಳಿಗೋ ಬಿಟ್ಟುಕೊಡಿ, ಮತ್ತು ಆ ಕಂತಿನಲ್ಲಿ ನಾಯಕ ಆದಷ್ಟು ಕಡಿಮೆ ಕಾಣಿಸಿಕೊಳ್ಳಲಿ.

ಒಳಗಿನ ದನಿಗೂ ಹೊರಗಿನ ದನಿಗೂ ನಡುವಿನ ಅಂತರವನ್ನು ಭಾಷೆಯಲ್ಲೇ ತೋರಿಸಲು ಕನ್ನಡದಲ್ಲಿ ಒಳ್ಳೆಯ ಅನುಕೂಲವಿದೆ. ‘ಓವರ್‌ಲಾರ್ಡ್’ನ ಅನಿಮೆಯಲ್ಲಿ ನಾಯಕನಿಗೆ ದನಿ ಕೊಟ್ಟ ಸತೊಶಿ ಹಿನೊ, ಸಿಂಹಾಸನದ ಮೇಲಿನ ಮಾತಿಗೆ ಗಂಭೀರವಾದ ತಗ್ಗುದನಿಯನ್ನೂ ಮನಸ್ಸಿನೊಳಗಿನ ಗಾಬರಿಗೆ ಸಾಮಾನ್ಯ ನೌಕರನ ದನಿಯನ್ನೂ ಬಳಸುತ್ತಾರೆ. ಬರಹದಲ್ಲಿ ನೀವು ಹೊರಗಿನ ಮಾತನ್ನು ಗ್ರಾಂಥಿಕ ಕನ್ನಡದಲ್ಲೂ ಒಳಗಿನ ಮಾತನ್ನು ನಿಮ್ಮ ಊರಿನ ಆಡುಮಾತಿನಲ್ಲೂ ಇಟ್ಟರೆ ಅದೇ ಪರಿಣಾಮ ಸಿಗುತ್ತದೆ. ಅರಮನೆಯ ದೂತ ಎದುರಿಗೆ ನಿಂತಾಗ ಗುಮಾಸ್ತ ‘ತಾವು ಬಂದ ಕಾರ್ಯವನ್ನು ಅರುಹಬಹುದು’ ಎಂದು ನುಡಿದು, ಮನಸ್ಸಿನಲ್ಲಿ ‘ಇವ್ನು ಯಾವಾಗ ಎದ್ದು ಹೋಗ್ತಾನೋ’ ಅಂದುಕೊಂಡರೆ ಸಾಕು, ವಿವರಣೆ ಬೇಕಿಲ್ಲ.

ಪ್ರಕಟಿಸುವ ಮುನ್ನ

ಮೊದಲ ಐದು ಕಂತುಗಳನ್ನು ಬರೆದು ಮುಗಿಸಿ, ಅವುಗಳ ಮೂರು ಕಾಲಂಗಳ ಹಾಳೆಗಳನ್ನು ಎದುರಿಗಿಟ್ಟುಕೊಂಡು ಓದಿ. ಎಲ್ಲಿ ನಾಯಕನ ನಿಜವಾದ ಕಾರಣವೂ ಸುತ್ತಲಿನವರು ತಿಳಿದ ಕಾರಣವೂ ಒಂದೇ ಆಗಿದೆಯೋ ಅಲ್ಲಿ ಅವನು ಸಾಮಾನ್ಯ ವೀರನಾಗಿಬಿಟ್ಟಿದ್ದಾನೆ. ಅಂಥ ದೃಶ್ಯ ಐದು ಕಂತಿಗೆ ಒಂದಿದ್ದರೆ ಅಡ್ಡಿಯಿಲ್ಲ, ಮೂರಿದ್ದರೆ ಎರಡನೆಯ ಹಂತದಲ್ಲಿ ಬರೆದ ಬೇಕು ತೀರಾ ದೊಡ್ಡದಿದೆ ಎಂದರ್ಥ. ‘ಎಲ್ಲರೂ ಅವನನ್ನು ಕಂಡು ದಂಗಾದರು’ ಎಂಬ ಧಾಟಿಯ ವಾಕ್ಯಗಳನ್ನೆಲ್ಲ ಗುರುತಿಸಿ, ಒಂದೊಂದನ್ನೂ ಹೆಸರುಳ್ಳ ಒಬ್ಬ ವ್ಯಕ್ತಿ ಆ ಮರುದಿನ ಮಾಡಿದ ಒಂದು ಕೆಲಸದಿಂದ ಬದಲಿಸಿ. ಕೊನೆಗೆ, ನಾಯಕನಿಗೆ ತಾನು ಮಾಡಿದ್ದು ಗೊತ್ತಾಗಬೇಕೇ ಬೇಡವೇ ಎಂಬುದನ್ನು ಈಗಲೇ ನಿರ್ಧರಿಸಿ ಹಾಳೆಯ ಅಂಚಿನಲ್ಲಿ ಬರೆದಿಡಿ. ಕಂತುಗಳು ಹೊರಬೀಳಲು ಆರಂಭವಾದ ಮೇಲೆ ಆ ನಿರ್ಧಾರವನ್ನು ನಿಮ್ಮ ಪರವಾಗಿ ಓದುಗರು ಮಾಡತೊಡಗುತ್ತಾರೆ.